ಕೆಂಪು ದೈತ್ಯರ ಒಡಲ ಸುದ್ದಿ

ಆಕಾಶವಾಣಿ ಮಂಗಳೂರಿನ ಎಲ್ಲ ಕೇಳುಗರಿಗೆ ನಮಸ್ಕಾರ. ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೇಳುತ್ತಿರುವ ಅಕ್ಕಂದಿರಿಗೆ, ಮಲ್ಪೆಯ ಬಂದರಿನಲ್ಲಿ ಬಲೆ ಸರಿಪಡಿಸುತ್ತಿರುವ ಅಣ್ಣಂದಿರಿಗೆ, ಪುಸ್ತಕ ಪಕ್ಕಕ್ಕಿಟ್ಟು ರೇಡಿಯೋ ಹಾಕಿರುವ ಮಕ್ಕಳಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ನಕ್ಷತ್ರಕ್ಕೆ ವಯಸ್ಸಾದಾಗ ಅದರ ಒಡಲಿನಲ್ಲಿ ಬೆಂದದ್ದು ಮೈಮೇಲೆ ಬರುತ್ತದೆ.

ಈ ಫೆಬ್ರವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಅಂಗಳಕ್ಕಿಳಿದು ನೆತ್ತಿಯ ಕಡೆ ನೋಡಿ. ಅಲ್ಲಿ ಕೆಂಪು ಛಾಯೆಯ ಒಂದು ಚುಕ್ಕಿ ಇದೆ, ಅದು ರೋಹಿಣಿ. ತಮ್ಮ ಜನ್ಮನಕ್ಷತ್ರ ರೋಹಿಣಿ ಎಂದು ತಡವರಿಸದೆ ಹೇಳುವವರು ನಮ್ಮಲ್ಲಿ ಎಷ್ಟೋ ಮಂದಿ. ಅದನ್ನು ಆಕಾಶದಲ್ಲಿ ತೋರಿಸಿ ಎಂದರೆ ಸುಮ್ಮನಾಗುತ್ತಾರೆ. ಇದು ನನಗೆ ಬೇಸರದ ಸಂಗತಿ. ಜಾತಕದಲ್ಲಿ ಬರೆದ ಹೆಸರಿಗಿಂತ ಆ ಚುಕ್ಕಿ ಎಷ್ಟು ದೊಡ್ಡದು! ಸುಮಾರು 65 ಜ್ಯೋತಿರ್ವರ್ಷಗಳ ದೂರದಲ್ಲಿದೆ, ಅಡ್ಡಳತೆ ಸೂರ್ಯನ ನಲವತ್ತು ಪಟ್ಟಿಗೂ ಹೆಚ್ಚು. ಗರ್ಭದ ಜಲಜನಕ ಉರಿದು ಮುಗಿದ ಮೇಲೆ ಉಬ್ಬಿಕೊಂಡ ಮುದಿ ನಕ್ಷತ್ರ. ಇಂಥದ್ದನ್ನೇ ಕೆಂಪು ದೈತ್ಯ ಎನ್ನುವುದು. ನಮ್ಮ ಸೂರ್ಯನಿಗೂ ಸುಮಾರು 500 ಕೋಟಿ ವರ್ಷಗಳ ನಂತರ ಇದೇ ಗತಿ.

ಒಲೆಯ ಮೇಲಿನ ಕುಚ್ಚಲಕ್ಕಿ ಗಂಜಿಯನ್ನು ನೆನೆಯಿರಿ. ಕುದಿ ಬಲವಾಗಿ ತಳದಿಂದ ಎದ್ದಾಗಲಷ್ಟೇ ಅಡಿಯ ಅಗುಳು ಮೇಲೆ ಬರುತ್ತದೆ. ಇಂದಿನ ಸೂರ್ಯನಲ್ಲಿ ಕುದಿತ ಇರುವುದು ಹೊರಗಿನ ಮೂರನೆಯ ಒಂದು ಭಾಗದಷ್ಟರಲ್ಲಿ ಮಾತ್ರ. ಹಾಗಾಗಿ ಅವನ ಗರ್ಭದಲ್ಲಿ ಏನು ನಡೆದರೂ ಮೇಲ್ಮೈಗೆ ಸುಳಿವಿಲ್ಲ. ನಕ್ಷತ್ರ ದೈತ್ಯನಾದಾಗ ಈ ಕುದಿತ ಆಳಕ್ಕೆ ಇಳಿದು, ಹಿಂದೆ ಪರಮಾಣು ಕ್ರಿಯೆ ನಡೆದ ಪದರಗಳನ್ನು ಮುಟ್ಟುತ್ತದೆ. ಒಳಗಿದ್ದದ್ದು ಮೇಲಕ್ಕೆ ಬರುತ್ತದೆ. ಮೇಲ್ಮೈಯಲ್ಲಿ ಇಂಗಾಲ ಕಡಿಮೆಯಾಗಿ ಸಾರಜನಕ ಹೆಚ್ಚುತ್ತದೆ. ಸೂರ್ಯನಲ್ಲಿ ಸಾಮಾನ್ಯ ಇಂಗಾಲವಾದ ಇಂಗಾಲ-12ರ ಸುಮಾರು ತೊಂಬತ್ತು ಪರಮಾಣುಗಳಿಗೆ, ಅದರ ತುಸು ಭಾರದ ರೂಪವಾದ ಇಂಗಾಲ-13ರ ಒಂದು ಪರಮಾಣು ಸಿಕ್ಕಿದರೆ, ಸ್ವಾತಿ ನಕ್ಷತ್ರದಲ್ಲಿ ಹತ್ತಕ್ಕೇ ಒಂದು ಸಿಗುತ್ತದೆ.

ಇದು ಬರಿಯ ಲೆಕ್ಕಾಚಾರವಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗಾಗಿ ನನಗೆ ಅತ್ಯಂತ ಪ್ರಿಯವಾದ ಒಂದು ಕಥೆ ಹೇಳುತ್ತೇನೆ.

ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಪಾಲ್ ಮೆರಿಲ್ ಎಂಬ ಖಗೋಳವಿಜ್ಞಾನಿ ಇದ್ದರು. ವಿಚಿತ್ರ ರೋಹಿತವುಳ್ಳ ಕೆಲವು ಕೆಂಪು ದೈತ್ಯರನ್ನು ಬೇರ್ಪಡಿಸಿ 1922ರಲ್ಲಿ ಅವುಗಳಿಗೆ ‘ಎಸ್’ ಎಂಬ ವರ್ಗವನ್ನು ಕೊಟ್ಟವರು ಅವರೇ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯೇ ರೋಹಿತ, ಅದರಲ್ಲಿ ಕಾಣುವ ಕಪ್ಪು ಗೆರೆಗಳೇ ಧಾತುಗಳ ಗುರುತು. ಆ ಗೆರೆಗಳನ್ನು ಅವರು ದಶಕಗಳ ಕಾಲ ಓದಿದರು. ಇತ್ತ ಭೂಮಿಯ ಮೇಲೆ ಆವರ್ತಕ ಕೋಷ್ಟಕದ 43ನೆಯ ಮನೆ ಬಹುಕಾಲ ಖಾಲಿಯಿತ್ತು. 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಪೆರಿಯರ್ ಮತ್ತು ಸೆಗ್ರೆ ಆ ಧಾತುವನ್ನು ಗುರುತಿಸಿದರು. ಅದೂ ಅದಿರಿನಲ್ಲಿ ಅಲ್ಲ, ಅಮೆರಿಕದ ಬರ್ಕ್ಲಿಯಲ್ಲಿ, ಕಣಗಳ ವೇಗ ಹೆಚ್ಚಿಸುವ ಸೈಕ್ಲೋಟ್ರಾನ್ ಯಂತ್ರದಲ್ಲಿ ಕಣಗಳ ಹೊಡೆತ ತಿಂದಿದ್ದ ಮಾಲಿಬ್ಡಿನಂ ತುಂಡಿನಲ್ಲಿ! ಅದೇ ಟೆಕ್ನೀಷಿಯಂ. ಅದರ ಯಾವ ರೂಪವೂ ಸ್ಥಿರವಲ್ಲ, ಎಲ್ಲವೂ ವಿಕಿರಣ ಸೂಸಿ ಕರಗಿಹೋಗುತ್ತವೆ. ಪ್ರಯೋಗಾಲಯದಲ್ಲಿ ಅದರ ಗೆರೆಗಳನ್ನು ಅಳೆದಾದ ಮೇಲೆ, 1952ರಲ್ಲಿ ಮೆರಿಲ್ ಅದೇ ಗೆರೆಗಳನ್ನು ತಮ್ಮ ‘ಎಸ್’ ನಕ್ಷತ್ರಗಳ ರೋಹಿತದಲ್ಲಿ ಕಂಡರು.

ಕೇಳುಗರೇ, ಇದರ ಅರ್ಥವನ್ನು ಗಮನವಿಟ್ಟು ನೋಡಿ. ನಕ್ಷತ್ರದಲ್ಲಿ ತಯಾರಾಗುವ ಟೆಕ್ನೀಷಿಯಂ-99ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಿಹೋಗಲು ಬೇಕಾದ ಕಾಲ, ಸುಮಾರು 2 ಲಕ್ಷ 11 ಸಾವಿರ ವರ್ಷ. ನಕ್ಷತ್ರದ ವಯಸ್ಸೋ ಕೋಟಿ ಕೋಟಿ ವರ್ಷ. ಹುಟ್ಟುವಾಗಲೇ ಇದ್ದ ಟೆಕ್ನೀಷಿಯಂ ಆಗಿದ್ದರೆ ಎಂದೋ ಮುಗಿದುಹೋಗಿರುತ್ತಿತ್ತು. ಅಂದರೆ ಅದು ಆ ನಕ್ಷತ್ರದ ಒಡಲಿನಲ್ಲೇ, ನಕ್ಷತ್ರಗಳ ಲೆಕ್ಕದಲ್ಲಿ ತೀರ ಈಚೆಗೆ ಹುಟ್ಟಿ ಮೇಲೆ ಬಂದಿದೆ. ನಕ್ಷತ್ರಗಳು ಧಾತುಗಳನ್ನು ತಯಾರಿಸುತ್ತವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ? ಇಂಥ ಸಂಗತಿಯನ್ನು ಶಾಲೆಯಲ್ಲಿ ಕಥೆಯಾಗಿ ಹೇಳದೆ, ಆವರ್ತಕ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇನ್ನೂ ಮುಪ್ಪಾದ ಕೆಲವು ದೈತ್ಯರಲ್ಲಿ ಒಳಗೆ ಹೊಸದಾಗಿ ಹುಟ್ಟಿದ ಇಂಗಾಲ ಮತ್ತೆ ಮತ್ತೆ ಮೇಲೆದ್ದು, ಮೇಲ್ಮೈಯಲ್ಲಿ ಆಮ್ಲಜನಕವನ್ನೂ ಮೀರಿಸುತ್ತದೆ. ಅವು ಇಂಗಾಲದ ನಕ್ಷತ್ರಗಳು. ಅವುಗಳಿಂದ ಬೀಸುವ ಗಾಳಿ ಆ ಇಂಗಾಲವನ್ನು ಬಾಹ್ಯಾಕಾಶಕ್ಕೆ ಚೆಲ್ಲುತ್ತದೆ.

ಇನ್ನು ಲಿಥಿಯಂ. ಒಳಗಿನ ಬಿಸಿಗೆ ಅದು ಬಹಳ ಬೇಗ ನಾಶವಾಗುತ್ತದೆ. ಒಳಗೂ ಹೊರಗೂ ಬೆರೆತ ದೈತ್ಯನಲ್ಲಿ ಅದು ತೀರ ಕಡಿಮೆಯಾಗಬೇಕು. ಆದರೆ 2020ರಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡವೊಂದು, ಗರ್ಭದಲ್ಲಿ ಹೀಲಿಯಂ ಉರಿಸುತ್ತಿರುವ ಸೂರ್ಯನಂಥ ದೈತ್ಯರಲ್ಲಿ ಲಿಥಿಯಂ ಮತ್ತೆ ಹೆಚ್ಚಾಗಿದೆ ಎಂದು ವರದಿ ಮಾಡಿತು. ಅದು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಮೇಲೆ ಬಂತು ಎಂಬ ಚರ್ಚೆ ಈಗಲೂ ಬಿಸಿಯಾಗಿದೆ. ಅವರು ಬಳಸಿದ್ದು ನಕ್ಷತ್ರಗಳ ರೋಹಿತ ದಾಖಲಿಸುವ ಆಸ್ಟ್ರೇಲಿಯಾದ ಗಲಾ ಸಮೀಕ್ಷೆ ಮತ್ತು ನಕ್ಷತ್ರಗಳ ದೂರ ಅಳೆದ ಯುರೋಪಿನ ಗಯಾ ಉಪಗ್ರಹದ ಮಾಹಿತಿ. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವವರು ಒಂದು ಕಂಪ್ಯೂಟರ್ ಇಟ್ಟುಕೊಂಡು ಇದೇ ವಾರ ಅದನ್ನು ತೆರೆದು ನೋಡಬಹುದು. ನಮಸ್ಕಾರ.