ಕೊಬ್ಬಿನಾಮ್ಲಕ್ಕೆ ಪ್ರೋಟೀನಿನ ಹಿಡಿತ ಎಷ್ಟು ಗಟ್ಟಿ? ಅಳೆಯುವ ಬಗೆ

ಎಲ್ಲರಿಗೂ ನಮಸ್ಕಾರ.

ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಜಿಗುಟು ಕಟ್ಟುತ್ತದೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಪು ಅಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಕರಗದ ಗಸಿಯಾಗಿಸುತ್ತದೆ. ಪ್ರಯೋಗಾಲಯದಲ್ಲಿ ನಮ್ಮ ಲೆಕ್ಕ ಕೆಡಿಸುವುದೂ ಹೆಚ್ಚಾಗಿ ಇಂಥ ಗಸಿಯೇ.

ನಮ್ಮ ರಕ್ತದ ದ್ರವಭಾಗದಲ್ಲಿ (ಪ್ಲಾಸ್ಮಾ) ಲೀಟರಿಗೆ ಸುಮಾರು 40 ಗ್ರಾಂ ಆಲ್ಬ್ಯುಮಿನ್ ಎಂಬ ಪ್ರೋಟೀನ್ ಇರುತ್ತದೆ, ಅಂದರೆ ಸುಮಾರು 0.6 ಮಿಲಿಮೋಲಾರ್ (ಮೋಲಾರ್ ಎಂಬುದು ಲೀಟರಿನಲ್ಲಿ ಎಷ್ಟು ಅಣುಗಳಿವೆ ಎಂಬುದರ ಅಳತೆ). ಅದರ ಒಂದೊಂದು ಅಣುವಿನಲ್ಲೂ ಕೊಬ್ಬಿನಾಮ್ಲ ಕೂರುವ ಏಳು ಜಾಗಗಳಿವೆ, ಅವುಗಳಲ್ಲಿ ಎರಡು ಮೂರು ಬಹಳ ಬಿಗಿ. ರಾತ್ರಿ ಊಟದ ಬಳಿಕ ಬೆಳಗಿನವರೆಗೆ ಏನೂ ತಿನ್ನದವರ ರಕ್ತದಲ್ಲಿ ಈ ಆಮ್ಲಗಳೆಲ್ಲ ಸೇರಿ ಅರ್ಧ ಮಿಲಿಮೋಲಾರ್ ಆಸುಪಾಸು. ಪ್ರೋಟೀನಿಗೆ ಅಂಟದೆ ಬಿಡಿಯಾಗಿ ತೇಲುವುದು ಕೆಲವೇ ನ್ಯಾನೋಮೋಲಾರ್, ಲಕ್ಷಕ್ಕೆ ಒಂದೆರಡು ಪಾಲು. ಹಿಡಿತ ಎಷ್ಟು ಗಟ್ಟಿ ಎನ್ನಬೇಕಾದರೆ ಈ ಬಿಡಿ ಪಾಲು ಗೊತ್ತಿರಬೇಕು. ಕಷ್ಟವೆಲ್ಲ ಅಲ್ಲೇ.

ಮೊದಲ ಕೆಲಸ, ಪ್ರೋಟೀನನ್ನು ಖಾಲಿ ಮಾಡುವುದು. ಕೊಂಡು ತಂದ ಆಲ್ಬ್ಯುಮಿನ್ ಕೊಬ್ಬು ಹೊತ್ತುಕೊಂಡೇ ಬರುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ, ಮಂಜುಗಡ್ಡೆಯ ಮೇಲಿಟ್ಟು, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 3ಕ್ಕೆ ಇಳಿಸಿ. ಪ್ರೋಟೀನಿನ ತೂಕದ ಅರ್ಧದಷ್ಟು ಸಕ್ರಿಯ ಇದ್ದಿಲು ಹಾಕಿ ಒಂದು ಗಂಟೆ ಕಲಕಿ. ಸೆಂಟ್ರಿಫ್ಯೂಜಿನಲ್ಲಿ ಇದ್ದಿಲು ಬೇರ್ಪಡಿಸಿ ಪಿಎಚ್ 7ಕ್ಕೆ ತನ್ನಿ. ಪಿಎಚ್ 3ರಲ್ಲಿ ಕೊಬ್ಬಿನಾಮ್ಲದ ಋಣ ವಿದ್ಯುದಂಶ ಹೋಗುತ್ತದೆ, ಆಲ್ಬ್ಯುಮಿನ್ ಕೂಡ ಸಡಿಲಗೊಳ್ಳುತ್ತದೆ. ಎರಡೂ ಕಡೆಯ ಹಿಡಿತ ತಪ್ಪುತ್ತದೆ. ಜೀವಕೋಶದೊಳಗಿನ ಪುಟ್ಟ ವಾಹಕ ಎಫ್‌ಎಬಿಪಿಗೆ ಈ ದಾರಿ ಬೇಡ, 37 ಡಿಗ್ರಿಯಲ್ಲಿ ಲಿಪಿಡೆಕ್ಸ್ ಎಂಬ ಕೊಬ್ಬು ಹೀರುವ ಮಣಿಗಳ ಕಾಲಂ ಮೂಲಕ ಹಾಯಿಸಿ. ಇ. ಕೋಲೈಯಲ್ಲಿ ಬೆಳೆಸಿದ ಎಫ್‌ಎಬಿಪಿ ಆ ಬ್ಯಾಕ್ಟೀರಿಯಾದ ಕೊಬ್ಬನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ಅದನ್ನು ತೆಗೆಯದೆ ಅಳೆದರೆ ಅಣುವಿಗೆ ಒಂದು ಕೊಬ್ಬಿನಾಮ್ಲ ಬರಬೇಕಾದ ಕಡೆ 0.4 ಎಂದೆಲ್ಲ ಬರುತ್ತದೆ.

ಎರಡನೆಯದು ಕೊಬ್ಬಿನಾಮ್ಲದ ದ್ರಾವಣ. ಇದಕ್ಕೆ ಕೊಡುವ ಸಮಯ ಎಂದೂ ವ್ಯರ್ಥವಲ್ಲ. ಒಲೇಯಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಎಥನಾಲಿನಲ್ಲಿ ಕರಗಿಸಿಟ್ಟು ಒಂದೊಂದೇ ಮೈಕ್ರೋಲೀಟರ್ ಸೇರಿಸಿ, ಒಟ್ಟು ಎಥನಾಲ್ ಶೇಕಡಾ ಒಂದು ದಾಟಬಾರದು. ಪಿಎಚ್ 7.4ರಲ್ಲಿ ಕೆಲವೇ ಮೈಕ್ರೋಮೋಲಾರ್ ದಾಟಿದರೆ ಅಣುಗಳು ಗುಂಪುಗೂಡುತ್ತವೆ. ಆಮೇಲೆ ಹಾಕಿದ್ದೆಷ್ಟು, ಬಿಡಿಯಾಗಿ ಉಳಿದದ್ದೆಷ್ಟು ಎಂಬ ಲೆಕ್ಕ ತಾಳೆಯಾಗುವುದಿಲ್ಲ. ಇನ್ನೊಂದು ಕೊಬ್ಬಿನಾಮ್ಲ ಪಾಮಿಟಿಕ್ ಇನ್ನೂ ಹಟಮಾರಿ. ಅದರ ಸೋಡಿಯಂ ಲವಣ ಬೆಂಗಳೂರಿನ ಕೋಣೆಯ 25 ಡಿಗ್ರಿಯಲ್ಲಿ ಕರಗುವುದೇ ಇಲ್ಲ. ನೀರನ್ನು 70 ಡಿಗ್ರಿಗೆ ಕಾಯಿಸಿ ಕರಗಿಸಿ, ತಣಿಯುವ ಮುಂಚೆಯೇ 37 ಡಿಗ್ರಿಯ ಆಲ್ಬ್ಯುಮಿನ್ ದ್ರಾವಣಕ್ಕೆ ಹನಿಹನಿಯಾಗಿ ಬಿಡಬೇಕು. ಕೊಳವೆಯನ್ನು ಬೆಳಕಿಗೆ ಹಿಡಿದಾಗ ಹಾಲಿನ ಛಾಯೆ ಕಂಡರೆ ಚೆಲ್ಲಿ, ಮತ್ತೆ ಮಾಡಿ. ಬಫರಿಗೆ (ಪಿಎಚ್ ಅಲುಗದಂತೆ ಹಿಡಿಯುವ ದ್ರಾವಣ) ಶುದ್ಧೀಕರಿಸಿದ ನೀರೇ ಬೇಕು, ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎಯನ್ನು ಚೂರು ಹಾಕಿದರೆ ಉಳಿದ ಕ್ಯಾಲ್ಸಿಯಂ ತೊಂದರೆ ಕೊಡುವುದಿಲ್ಲ. ಪ್ಲಾಸ್ಟಿಕ್ ಗೋಡೆಗಳೂ ಕೊಬ್ಬು ಹೀರುತ್ತವೆ, ಮೈಕ್ರೋಮೋಲಾರ್ ಮಟ್ಟದಲ್ಲಿ ಆ ನಷ್ಟ ಸಣ್ಣದಲ್ಲ.

ಈಗ ಅಳತೆ. ಎಎನ್‌ಎಸ್ ಎಂಬ ಬಣ್ಣ ನೀರಿನಲ್ಲಿ ಮಂಕು, ಎಫ್‌ಎಬಿಪಿಯ ಹೊಟ್ಟೆಯೊಳಗೆ ಹೊಕ್ಕರೆ ಹೊಳೆಯುತ್ತದೆ. ಕೊಬ್ಬಿನಾಮ್ಲ ಬಂದು ಅದನ್ನು ಹೊರದಬ್ಬಿದಷ್ಟೂ ಹೊಳಪು ಇಳಿಯುತ್ತದೆ, ಆ ಇಳಿತದಿಂದ ಹಿಡಿತವನ್ನು ಲೆಕ್ಕ ಹಾಕುತ್ತೇವೆ. ಬಿಡಿ ಕೊಬ್ಬಿನಾಮ್ಲವನ್ನೇ ನೇರವಾಗಿ ಅಳೆಯುವುದು ಅಡಿಫ್ಯಾಬ್. ಇದು ಕರುಳಿನ ಎಫ್‌ಎಬಿಪಿಗೆ ಅಕ್ರಿಲೋಡಾನ್ ಎಂಬ ಹೊಳೆಯುವ ಬಣ್ಣ ಅಂಟಿಸಿ ಮಾಡಿದ ಸೂಚಕ. 386 ನ್ಯಾನೋಮೀಟರ್ ಬೆಳಕು ಕೊಟ್ಟು 505 ಮತ್ತು 432ರ ಹೊಳಪಿನ ಅನುಪಾತ ನೋಡುತ್ತೇವೆ. ಇಲ್ಲೊಂದು ಮಾತು. ಚದುರಿದ ಬೆಳಕಿನ ಬಣ್ಣ ಬದಲಾಗುವ ಪರಿಣಾಮವನ್ನು 1928ರಲ್ಲಿ ಕಂಡು, 1933ರಲ್ಲಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ ಅವರ ಹೆಸರು ಈ ಕೆಲಸದಲ್ಲಿ ದಿನವೂ ನೆನಪಾಗುತ್ತದೆ. 386ರ ಬೆಳಕು ಬಿದ್ದಾಗ ಬರೀ ನೀರೇ 444ರ ಸುತ್ತ ರಾಮನ್ ಶಿಖರ ತೋರಿಸುತ್ತದೆ, 432ರ ಮಗ್ಗುಲಲ್ಲೇ. ಸೂಚಕ ಹಾಕದ ಬಫರಿನ ರೋಹಿತವನ್ನು ಪ್ರತಿ ಸಲವೂ ಕಳೆಯದಿದ್ದರೆ ಅನುಪಾತ ಸುಳ್ಳು ಹೇಳುತ್ತದೆ.

ಇನ್ನೊಂದು ತಪ್ಪು ಬಹಳ ಕಡೆ ಕಾಣುತ್ತದೆ. ಹಿಡಿತದ ಸ್ಥಿರಾಂಕ (ಅರ್ಧ ಜಾಗಗಳು ತುಂಬುವಾಗ ಬಿಡಿಯಾಗಿರುವ ಕೊಬ್ಬಿನಾಮ್ಲದ ಮಟ್ಟ) 10 ನ್ಯಾನೋಮೋಲಾರ್ ಇರುವಾಗ ಪ್ರೋಟೀನನ್ನು 1 ಮೈಕ್ರೋಮೋಲಾರ್ ಇಟ್ಟರೆ, ಹಾಕಿದ್ದೆಲ್ಲ ಹಿಡಿಯಲ್ಪಟ್ಟು ನೇರ ಗೆರೆಯೊಂದು ಏರಿ ಮೂಲೆಯಲ್ಲಿ ತಿರುಗುತ್ತದೆ. ಎಷ್ಟು ಜಾಗಗಳಿವೆ ಎಂದು ಆ ಗೆರೆ ಹೇಳೀತು, ಹಿಡಿತ ಎಷ್ಟೆಂದು ಹೇಳದು. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಕೇಸರಿ ತೂಗಿದ ಹಾಗೆ. ಪ್ರೋಟೀನನ್ನು ಸಾಧ್ಯವಾದಷ್ಟು ಸ್ಥಿರಾಂಕದ ಹತ್ತಿರಕ್ಕೆ ಇಳಿಸಿ, ಖರ್ಚಾದ ಕೊಬ್ಬಿನಾಮ್ಲವನ್ನೂ ಲೆಕ್ಕಕ್ಕೆ ಹಿಡಿಯುವ ವರ್ಗ ಸಮೀಕರಣ ಬಳಸಿ.

ಅಣುಗಳು ಅಂಟುವಾಗಿನ ಶಾಖದಿಂದ ಹಿಡಿತ ಅಳೆಯುವ ಐಟಿಸಿ ಉಪಕರಣಕ್ಕೆ ಬಣ್ಣವೂ ಬೇಡ, ಸೂಚಕವೂ ಬೇಡ. ಆದರೆ ಸಿರಿಂಜಿನಲ್ಲಿ ಗಟ್ಟಿ ಕೊಬ್ಬಿನಾಮ್ಲ ತುಂಬಿದರೆ ಪ್ರತಿ ಹನಿಯಲ್ಲೂ ಗುಂಪು ಒಡೆಯುವ ಶಾಖ ಬೆರೆಯುತ್ತದೆ. ಅದಕ್ಕೇ ತಿರುವುಮುರುವು ಮಾಡಿ: ಉಪಕರಣದ ಪಾತ್ರೆಯಲ್ಲಿ ತೆಳು ಕೊಬ್ಬಿನಾಮ್ಲ, ಸಿರಿಂಜಿನಲ್ಲಿ ಪ್ರೋಟೀನ್. ಪ್ರೋಟೀನನ್ನು ಬರೀ ಬಫರಿಗೆ ಹನಿಸಿದಾಗ ಬರುವ ಶಾಖವನ್ನು ಬೇರೆ ಅಳೆದು ಕಳೆಯಿರಿ. ಪ್ರಯೋಗದ ನಡುವೆ ಕರೆಂಟು ಹೋಗಿ ತಾಪ ಅಲುಗಿದರೆ ಆ ಓಟವನ್ನು ಉಳಿಸಿಕೊಳ್ಳಲು ಹೋಗಬೇಡಿ, ಹೊಸ ದ್ರಾವಣದಿಂದ ಮತ್ತೆ ಶುರು ಮಾಡಿ.