ಬೀಟಲ್ಸ್ ಪ್ರಭಾವ: ಹೊಗಳಿಕೆ ಎಲ್ಲಿಗೆ ಸಲ್ಲಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. 1960ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಹುಟ್ಟಿ, ಹತ್ತೇ ವರ್ಷಗಳಲ್ಲಿ ಒಡೆದುಹೋದ ಬೀಟಲ್ಸ್ ಎಂಬ ರಾಕ್ ತಂಡದ ಪ್ರಭಾವವನ್ನು ನಾವು ಇಂದಿಗೂ ಅಳತೆ ಮೀರಿ ಹೊಗಳುತ್ತಿದ್ದೇವೆಯೇ ಎಂಬುದು ಈ ದಿನದ ಪ್ರಶ್ನೆ. ನನ್ನ ಉತ್ತರವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಆ ತಂಡಕ್ಕೆ ಹೊಗಳಿಕೆ ಸಲ್ಲಲೇಬೇಕು. ಆದರೆ ಹೊಗಳುವವರಲ್ಲಿ ಬಹುಪಾಲು ಜನ ಸಲ್ಲದ ಕಾರಣಗಳಿಗಾಗಿ ಹೊಗಳುತ್ತಾರೆ. ಹಾಡಿದ್ದನ್ನು ಹಾಡಿದ ಹಾಗೆ ಹಿಡಿದಿಡುವುದೇ ಧ್ವನಿಮುದ್ರಣ ಎಂದು ತಿಳಿದಿದ್ದ ಜನಪ್ರಿಯ ಸಂಗೀತಕ್ಕೆ, ಧ್ವನಿಮುದ್ರಣದಲ್ಲಿಯೇ ಹಾಡು ಹುಟ್ಟಬಲ್ಲದು ಎಂದು ತೋರಿಸಿಕೊಟ್ಟವರು ಅವರು. ನಾನು ಹೇಳಬೇಕಾದದ್ದು ಇದೊಂದೇ.

ಅವರ ತಲೆಗೂದಲು, ವಿಮಾನ ನಿಲ್ದಾಣಗಳಲ್ಲಿ ಕಿರುಚಿದ ಹುಡುಗಿಯರು, ಮಾರಾಟವಾದ ಗ್ರಾಮಫೋನ್ ತಟ್ಟೆಗಳ ಲೆಕ್ಕ, ಇವುಗಳನ್ನೇ ಪ್ರಭಾವವೆಂದು ವರ್ಣಿಸುವ ಬರಹಗಳನ್ನು ಓದಿ ಓದಿ ನನಗೆ ಸಾಕಾಗಿದೆ. ಅದು ಜನಪ್ರಿಯತೆ. ರಾಕ್ ಸಂಗೀತವನ್ನು ಅವರೇ ಹುಟ್ಟುಹಾಕಿದರು ಎನ್ನುವವರೂ ಇದ್ದಾರೆ. ಅವರಿಗಿಂತ ಮೊದಲೇ ಅಮೆರಿಕದ ಕಪ್ಪು ಸಂಗೀತಗಾರರಾದ ಚಕ್ ಬೆರಿ ಮತ್ತು ಲಿಟಲ್ ರಿಚರ್ಡ್ ಆ ಸಂಗೀತವನ್ನು ಕಟ್ಟಿ ನಿಲ್ಲಿಸಿದ್ದರು. ಅವರ ಹಾಡುಗಳನ್ನು ಹಾಡುತ್ತಲೇ ಲಿವರ್‌ಪೂಲಿನ ಈ ಹುಡುಗರು ಬೆಳೆದರು. ಧ್ವನಿಮುದ್ರಣದ ಚಮತ್ಕಾರಗಳಲ್ಲಿಯೂ ಅವರೇ ಮೊದಲಿಗರಲ್ಲ. ಪ್ಯಾರಿಸ್ಸಿನ ಬಾನುಲಿಯಲ್ಲಿ ಪಿಯೆರ್ ಶೆಫರ್ ಎಂಬುವರು 1948ರಲ್ಲಿಯೇ ರೈಲಿನ ಸದ್ದುಗಳನ್ನು ಜೋಡಿಸಿ ಸಂಗೀತ ಕೃತಿಯೊಂದನ್ನು ಪ್ರಸಾರ ಮಾಡಿದ್ದರು. ಆದರೆ ಅದು ಕೆಲವೇ ಆಸಕ್ತರ ಕಿವಿಗೆ ತಲುಪಿದ ಪ್ರಯೋಗವಾಗಿತ್ತು. ಅಂಥ ಕೆಲಸವನ್ನು ಜಗತ್ತಿನ ಮನೆಮನೆಯ ರೇಡಿಯೋಗೆ ತಂದು ಮುಟ್ಟಿಸಿದವರು ಬೀಟಲ್ಸ್.

ಬದಲಾವಣೆ ಎಷ್ಟು ಬೇಗ ನಡೆಯಿತೆಂಬುದನ್ನು ಗಮನಿಸಿ. 1963ರ ಫೆಬ್ರವರಿ 11ರಂದು, ಲಂಡನ್ನಿನ ಆ್ಯಬಿ ರೋಡಿನಲ್ಲಿರುವ, ಇಎಂಐ ಎಂಬ ಧ್ವನಿಮುದ್ರಣ ಕಂಪನಿಯ ಸ್ಟುಡಿಯೋದಲ್ಲಿ, ಅವರು ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ವೇದಿಕೆಯಲ್ಲಿ ಹಾಡುವಂತೆಯೇ ಅಲ್ಲಿಯೂ ಹಾಡಿದರು, ಯಂತ್ರ ಅದನ್ನು ಹಿಡಿದುಕೊಂಡಿತು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟ ಕೊನೆಯ ಸಂಗೀತ ಕಛೇರಿ ನಡೆಸಿ, ಪ್ರವಾಸವನ್ನೇ ಕೈಬಿಟ್ಟರು. ಅಭಿಮಾನಿಗಳ ಗದ್ದಲದಲ್ಲಿ ತಮ್ಮ ವಾದ್ಯ ತಮಗೇ ಕೇಳಿಸದ ಸ್ಥಿತಿ ಅವರದಾಗಿತ್ತು. ಆ ವರ್ಷದ ನವೆಂಬರಿನಲ್ಲಿ ಸ್ಟುಡಿಯೋಗೆ ಮರಳಿದಾಗ ಅವರು ಕೈಗೆತ್ತಿಕೊಂಡ ಮೊದಲ ಹಾಡು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. ಇದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ತಂಡದ ಗಾಯಕರಲ್ಲೊಬ್ಬರಾದ ಜಾನ್ ಲೆನನ್ ಬರೆದ ಈ ಹಾಡನ್ನು ತಂಡವು ಮೊದಲು ಮೆಲುವಾದ ರೀತಿಯಲ್ಲಿ ನುಡಿಸಿ ಮುದ್ರಿಸಿತು. ಲೆನನ್‌ಗೆ ತೃಪ್ತಿಯಾಗಲಿಲ್ಲ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರಿಂದ ತುತ್ತೂರಿ ಮತ್ತು ಚೆಲ್ಲೋ ವಾದ್ಯಗಳಿಗೆ ಸ್ವರಗಳನ್ನು ಬರೆಯಿಸಿ, ಹಾಡನ್ನು ಮತ್ತೆ ಹೊಸದಾಗಿ, ಹೆಚ್ಚು ಬಿರುಸಾಗಿ ಮುದ್ರಿಸಿದರು. ಎರಡನ್ನೂ ಕೇಳಿದ ಲೆನನ್, ಮೊದಲನೆಯದರ ಆರಂಭವೂ ಎರಡನೆಯದರ ಉಳಿದ ಭಾಗವೂ ತನಗೆ ಹಿಡಿಸಿವೆ, ಇವೆರಡನ್ನೂ ಕೂಡಿಸಿಬಿಡಿ ಎಂದರು. ಎರಡರ ಶ್ರುತಿ ಬೇರೆ, ಲಯದ ಗತಿಯೂ ಬೇರೆ ಎಂದು ಮಾರ್ಟಿನ್ ತಿಳಿಸಿದರೂ, ಅದನ್ನು ಸರಿಪಡಿಸಬಲ್ಲಿರಿ ಎಂದು ಲೆನನ್ ಹೊರಟುಹೋದರು.

ಆಕಾಶವಾಣಿಯ ಹಳೆಯ ಸ್ಟುಡಿಯೋಗಳಲ್ಲಿ ಕಾಲು ಇಂಚಿನ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸಿದ ನಮ್ಮಂಥವರಿಗೆ ಈ ಬೇಡಿಕೆಯ ಕಷ್ಟ ಏನೆಂದು ಕೂಡಲೇ ಅರ್ಥವಾಗುತ್ತದೆ. ಭಾಷಣದಲ್ಲಿ ಒಂದು ಕೆಮ್ಮನ್ನು ಕತ್ತರಿಸಿ ತೆಗೆಯಬಹುದು; ಶ್ರುತಿ ಬೇರೆಯಾದ ಎರಡು ಹಾಡುಗಳನ್ನು ನಡುವೆ ಅಂಟಿಸಿದರೆ ಎಂಥ ಕಿವಿಗೂ ಒಡಕು ಕೇಳಿಸುತ್ತದೆ. ಟೇಪಿಗೆ ಒಂದು ಗುಣವಿದೆ. ಅದನ್ನು ವೇಗವಾಗಿ ಓಡಿಸಿದರೆ ಲಯವೂ ಏರುತ್ತದೆ, ಶ್ರುತಿಯೂ ಏರುತ್ತದೆ. ನಿಧಾನವಾಗಿ ಓಡಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಆಗ ಬರುತ್ತಿರಲಿಲ್ಲ. ಅದೃಷ್ಟವಶಾತ್ ಎರಡನೆಯ ಮುದ್ರಣವು ಗತಿಯಲ್ಲಿ ಬೇಗವಾಗಿದ್ದಂತೆ ಶ್ರುತಿಯಲ್ಲಿಯೂ ಮೇಲಿತ್ತು. ಮಾರ್ಟಿನ್ ಮತ್ತು ಧ್ವನಿ ತಂತ್ರಜ್ಞ ಜೆಫ್ ಎಮೆರಿಕ್ ಇಬ್ಬರೂ ಸೇರಿ ಒಂದನ್ನು ತುಸು ಏರಿಸಿ, ಇನ್ನೊಂದನ್ನು ಇಳಿಸಿ, ಎರಡೂ ಸಂಧಿಸುವ ಜಾಗವನ್ನು ಹುಡುಕಿ, 1966ರ ಡಿಸೆಂಬರ್ 22ರಂದು ಟೇಪನ್ನು ಕತ್ತರಿಸಿ ಅಂಟಿಸಿದರು.

ಆ ಅಂಟು ಹಾಡಿನಲ್ಲಿ ಸುಮಾರು ಒಂದು ನಿಮಿಷ ಕಳೆದ ಮೇಲೆ ಬರುತ್ತದೆ. ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅಲ್ಲಿಂದ ಮುಂದೆ ಚೆಲ್ಲೋಗಳು ತುಂಬಿಕೊಳ್ಳುತ್ತವೆ. ನಿಧಾನಗೊಳಿಸಿದ ಟೇಪಿನಿಂದಾಗಿ ಲೆನನ್ ಧ್ವನಿ ಭಾರವಾಗಿ, ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳಿಸುತ್ತದೆ. ಮುಗಿದ ಹಾಡಿನ ಶ್ರುತಿಯಂತೂ ಹಾರ್ಮೋನಿಯಂನ ಯಾವ ಮನೆಗೂ ಸರಿಯಾಗಿ ಕೂಡುವುದಿಲ್ಲ, ಎರಡು ಮನೆಗಳ ನಡುವೆ ನಿಲ್ಲುತ್ತದೆ. ಆ ಹಾಡನ್ನು ಆ ರೂಪದಲ್ಲಿ ತಂಡದ ನಾಲ್ವರು ಎಂದೂ ಕೂತು ನುಡಿಸಲೇ ಇಲ್ಲ. ಅದು ಹುಟ್ಟಿದ್ದು ಟೇಪಿನ ಮೇಲೆ. ಧ್ವನಿಮುದ್ರಣವೇ ರಚನೆ ಎಂದು ನಾನು ಹೇಳುತ್ತಿರುವುದು ಇದನ್ನೇ.

ಈ ಒಂದು ಹಾಡಿಗೇ ನನ್ನ ಹೆಚ್ಚಿನ ಸಮಯ ಹೋಯಿತು; ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಒಂದೇ ಸಾಲನ್ನು ಎರಡೆರಡು ಬಾರಿ ಹಾಡಿ ಧ್ವನಿಯನ್ನು ದಪ್ಪಗೊಳಿಸುವ ಶ್ರಮವನ್ನು ತಪ್ಪಿಸಲು, ಅದೇ ಆ್ಯಬಿ ರೋಡ್ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್ಸೆಂಡ್ 1966ರಲ್ಲಿ ಯಂತ್ರದಿಂದಲೇ ಆ ಪರಿಣಾಮವನ್ನು ತಂದರು. ಅಲ್ಲಿ ಬೀಟಲ್ಸ್ ಜೊತೆ ಸಹಾಯಕರಾಗಿದ್ದ ಆ್ಯಲನ್ ಪಾರ್ಸನ್ಸ್, 1973ರಲ್ಲಿ ಹೊರಬಂದ ಪಿಂಕ್ ಫ್ಲಾಯ್ಡ್ ತಂಡದ ಅತಿ ಪ್ರಸಿದ್ಧ ಆಲ್ಬಮ್ಮಿಗೆ ಅದೇ ಕಟ್ಟಡದಲ್ಲಿ ಧ್ವನಿ ತಂತ್ರಜ್ಞರಾದರು. ಪ್ರಭಾವ ಎಂದರೆ ಹೀಗೆ ಕೈಯಿಂದ ಕೈಗೆ ಹೋಗುವ ಕಸುಬು.

ಭಾರತದ ಮಾತು ಬಂದಾಗ ಎಲ್ಲರೂ ಬೀಟಲ್ಸ್ ತಮ್ಮ ಹಾಡುಗಳಲ್ಲಿ ಬಳಸಿದ ಸಿತಾರ್ ಮತ್ತು ಧ್ಯಾನ ಕಲಿಯಲು ಬಂದಿದ್ದ ಹೃಷಿಕೇಶದ ಬಗ್ಗೆಯೇ ಮಾತನಾಡುತ್ತಾರೆ. ನಾನು 1968ರ ಜನವರಿಯನ್ನು ನೆನಪಿಸುತ್ತೇನೆ. ಆಗ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದಕರಿಂದ ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಭಾಗವನ್ನು ಮುದ್ರಿಸಿಕೊಂಡು, ಮುಂದಿನ ತಿಂಗಳು ಲಂಡನ್ನಿನಲ್ಲಿ ಅದರ ಮೇಲೆ ತಮ್ಮ ಧ್ವನಿಯನ್ನು ಸೇರಿಸಿದರು. ವಾದ್ಯ ಒಂದು ಊರಿನಲ್ಲಿ, ಗಾಯನ ಇನ್ನೊಂದು ಊರಿನಲ್ಲಿ. ಇಂದು ನಮ್ಮ ಕನ್ನಡ ಚಿತ್ರಗೀತೆಗಳೂ ಬಹುಮಟ್ಟಿಗೆ ಹೀಗೆಯೇ ತಯಾರಾಗುತ್ತವೆ. ನಮಸ್ಕಾರ.