ಟೇಬಲ್ ಟಾಪ್‌ನಲ್ಲಿದ್ದ ಟೀಮು ಸೈನ್ಯಕ್ಕೆ ಸೇರಿಬಿಡ್ತು: ಹಾರ್ಟ್ಸ್ ಕ್ಲಬ್, 1914

ಸ್ಕ್ರೀನ್ ಮೇಲೆ: 1914-15ರ ಸ್ಕಾಟಿಷ್ ಫುಟ್‌ಬಾಲ್ ಲೀಗ್ ಟೇಬಲ್, ಮೇಲಿನ ಎರಡು ಸಾಲು ಮಾತ್ರ. ಸೆಲ್ಟಿಕ್ 65, ಹಾರ್ಟ್ಸ್ 61.

ನಮಸ್ಕಾರ ಎಲ್ರಿಗೂ. ಮೊದ್ಲು ಈ ಎರಡು ನಂಬರ್ ನೋಡ್ಕೊಳ್ಳಿ. 65, 61. ಗೆದ್ರೆ ಎರಡು ಪಾಯಿಂಟ್ ಕೊಡ್ತಿದ್ದ ಕಾಲ ಅದು, ಅಂದ್ರೆ ಬರೀ ಎರಡು ಗೆಲುವಿನ ವ್ಯತ್ಯಾಸ. ಸೀಸನ್ನಿನ ಮೊದಲ ಮ್ಯಾಚಲ್ಲೇ ಇದೇ ಸೆಲ್ಟಿಕ್‌ನ 2-0 ಸೋಲಿಸಿ, ಸತತವಾಗಿ ಎಂಟು ಮ್ಯಾಚ್ ಗೆದ್ದು, ಹೆಚ್ಚುಕಮ್ಮಿ ಇಡೀ ಸೀಸನ್ ಟೇಬಲ್ ಮೇಲೆ ಕೂತಿದ್ದ ಟೀಮು ಕೊನೆ ಕೊನೆಗೆ ಜಾರಿ ಎರಡನೇ ಸ್ಥಾನಕ್ಕೆ ಬಂತು. ಯಾಕೆ ಜಾರ್ತು, ಆಮೇಲೆ ಆ ಹುಡುಗರಿಗೆ ಏನಾಯ್ತು, ನೂರು ವರ್ಷ ಕಳೆದ್ರೂ ಆ ಕ್ಲಬ್ಬು ಅವರನ್ನ ಹೇಗೆ ನೆನಪಿಟ್ಕೊಂಡಿದೆ, ಇದೇ ಇವತ್ತಿನ ವಿಷಯ. ಸ್ವಲ್ಪ ಸಮಾಧಾನವಾಗಿ ಕೇಳಿ, ನಾನು ಇದನ್ನ ಅರ್ಜೆಂಟಲ್ಲಿ ಹೇಳಿ ಮುಗಿಸಲ್ಲ.

ಕ್ಲಬ್ಬಿನ ಪೂರ್ತಿ ಹೆಸರು ಹಾರ್ಟ್ ಆಫ್ ಮಿಡ್ಲೋಥಿಯನ್. ಊರು ಸ್ಕಾಟ್ಲೆಂಡಿನ ಎಡಿನ್‌ಬರ, ಗ್ರೌಂಡು ಟೈನ್‌ಕ್ಯಾಸಲ್, ಜೆರ್ಸಿ ಮರೂನ್ ಬಣ್ಣ. 1914ರ ಆಗಸ್ಟ್ 4ಕ್ಕೆ ಬ್ರಿಟನ್ ಮೊದಲನೇ ಮಹಾಯುದ್ಧಕ್ಕಿಳೀತು, ಆಗಸ್ಟ್ 15ಕ್ಕೆ ಲೀಗ್ ಶುರುವಾಯ್ತು. ಕಡ್ಡಾಯವಾಗಿ ಸೈನ್ಯಕ್ಕೆ ಸೇರಬೇಕು ಅನ್ನೋ ಕಾನೂನು ಆಗ ಇರಲಿಲ್ಲ, ಅದು ಬಂದಿದ್ದು 1916ರಲ್ಲಿ. ಹಾಗಾಗಿ ಸರ್ಕಾರಕ್ಕೆ ಬೇಕಿದ್ದಿದ್ದು ತಾವಾಗೇ ಬಂದು ಸೇರೋ ಜನ, ಲಕ್ಷಗಟ್ಟಲೆ ಜನ. ಪೋಸ್ಟರು, ಭಾಷಣ, ಬ್ಯಾಂಡ್ ಸೆಟ್ಟು ಎಲ್ಲಾ ಆಯ್ತು, ಅದರ ಜೊತೆಗೆ ಇನ್ನೊಂದು ಆಯುಧಾನೂ ಇತ್ತು, ನಾಚಿಕೆ. ಸಿವಿಲ್ ಡ್ರೆಸ್‌ನಲ್ಲಿ ಓಡಾಡೋ ಗಂಡಸರ ಕೈಗೆ ಹೆಂಗಸರು ಬಿಳಿ ಗರಿ ಕೊಡೋರು. ಬಿಳಿ ಗರಿ ಅಂದ್ರೆ ನೀನು ಹೇಡಿ ಅಂತ.

ಮೈಮುರಿದು ದುಡಿಯೋ ಜನರ ಆಟ ಫುಟ್‌ಬಾಲು, ಅದಕ್ಕೇ ಬೈಗುಳ ಜಾಸ್ತಿ ಬಿತ್ತು. ಕುದುರೆ ರೇಸು ಆಗ ನಡೀತಾನೇ ಇತ್ತು, ಆದ್ರೆ ಪೇಪರ್‌ನವರ ಸಿಟ್ಟೆಲ್ಲಾ ಚೆಂಡಿನ ಮೇಲೆ. ಇದು ನ್ಯಾಯ ಅಲ್ಲ ಅಂತ ನನಗೆ ಓದಿದಾಗಲೇ ಅನ್ನಿಸ್ತು, ಈಗ್ಲೂ ಅನ್ಸುತ್ತೆ. ನವೆಂಬರ್‌ನಲ್ಲಿ ಎಡಿನ್‌ಬರದ ಸಂಜೆ ಪತ್ರಿಕೆಗೆ ಒಂದು ಓಲೆ ಬಂತು, ಕೆಳಗೆ ಹೆಸರಿಲ್ಲ, ಸೈನಿಕನ ಮಗಳು ಅಂತಷ್ಟೇ ಸಹಿ. ಸಾವಿರಾರು ಜನ ಪ್ರಾಣ ಕೊಡ್ತಿರೋದ್ರಿಂದ ಇವರು ಇಲ್ಲಿ ಆರಾಮಾಗಿ ಆಡ್ತಿದ್ದಾರೆ, ಹಾರ್ಟ್ಸ್ ಅನ್ನೋ ಹೆಸರು ತೆಗೆದು ಮಿಡ್ಲೋಥಿಯನ್ನಿನ ಬಿಳಿ ಗರಿಗಳು ಅಂತ ಇಟ್ಕೊಳ್ಳಲಿ, ಇದು ಆ ಓಲೆಯ ತಾತ್ಪರ್ಯ. ಟೇಬಲ್ ಟಾಪ್‌ನಲ್ಲಿರೋ ಟೀಮಿಗೆ, ಇಪ್ಪತ್ತು ಇಪ್ಪತ್ತೈದರ ಹುಡುಗರಿಗೆ, ಅವರದೇ ಊರಿನ ಪೇಪರ್‌ನಲ್ಲಿ. ಅವರ ಅಪ್ಪ ಅಮ್ಮನೂ ಅದೇ ಪೇಪರ್ ಓದೋರು, ಅದನ್ನ ಮರೀಬೇಡಿ.

ಸ್ಕ್ರೀನ್ ಮೇಲೆ: 25 ನವೆಂಬರ್ 1914.

ಅದೇ ಹೊತ್ತಿಗೆ ಸರ್ ಜಾರ್ಜ್ ಮೆಕ್ರೇ ಅಂತ ಒಬ್ರು ಮುಂದೆ ಬಂದ್ರು. ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವರು, ಹಿಂದೆ ಎಂಪಿ ಆಗಿದ್ದವರು, ವಯಸ್ಸು ಆಗ್ಲೇ 54. ನಾನೊಂದು ಬೆಟಾಲಿಯನ್ ಕಟ್ತೀನಿ, ನಾನೂ ನಿಮ್ ಜೊತೆಗೇ ಯುದ್ಧಕ್ಕೆ ಬರ್ತೀನಿ ಅಂತ ಘೋಷಣೆ ಮಾಡಿದ್ರು, ಮತ್ತೆ ಮಾತಿಗೆ ತಕ್ಕ ಹಾಗೆ ಫ್ರಾನ್ಸಿಗೆ ಹೋದ್ರು ಕೂಡ. ನವೆಂಬರ್ 25ಕ್ಕೆ ಹಾರ್ಟ್ಸ್‌ನ ಹನ್ನೊಂದು ಆಟಗಾರರು ಒಂದೇ ದಿನ ಸಹಿ ಹಾಕಿದ್ರು. ಹನ್ನೊಂದು! ಒಂದು ಪೂರ್ತಿ ಟೀಮಿನಷ್ಟು. ಇನ್ನೂ ಕೆಲವರು ಮುಂದೆ ಬಂದ್ರು, ಮೆಡಿಕಲ್‌ನಲ್ಲಿ ಫೇಲ್ ಆಗಿ ವಾಪಸ್ ಬಂದವರಿದ್ರು, ಆಮೇಲೆ ಸೇರಿದವರೂ ಇದ್ರು, ಜಿಮ್ಮಿ ಸ್ಪೀಡಿ ಅನ್ನೋ ಹುಡುಗ ಇವರೆಲ್ಲರಿಗಿಂತ ಮೊದ್ಲೇ ಬೇರೆ ರೆಜಿಮೆಂಟಿಗೆ ಸೇರ್ಕೊಂಡಿದ್ದ, ಯಾರೂ ಗರಿ ಕೊಡೋ ಮುಂಚೆ.

ಆಟಗಾರರ ಹಿಂದೆ ಅಭಿಮಾನಿಗಳು ಹೋದ್ರು. ನೂರಾರು ಜನ, ವಾರವಾರ ಟೈನ್‌ಕ್ಯಾಸಲ್‌ನಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗ್ತಿದ್ದ ಜನ, ಈಗ ಅದೇ ಆಟಗಾರರ ಪಕ್ಕದಲ್ಲಿ ಬೂಟು ಹಾಕ್ಕೊಂಡು ಸಾಲಲ್ಲಿ ನಿಂತ್ರು. ರೇತ್ ರೋವರ್ಸ್, ಫಾಲ್ಕರ್ಕ್, ಡನ್‌ಫರ್ಮ್‌ಲಿನ್ ಆಟಗಾರರೂ ಬಂದ್ರು, ಊರಿನ ಬದ್ಧ ವೈರಿ ಹಿಬ್ಸ್ ಕಡೆಯವರೂ ಬಂದ್ರು. ಸೈನ್ಯದ ಲೆಕ್ಕದಲ್ಲಿ ಇದು ರಾಯಲ್ ಸ್ಕಾಟ್ಸ್ ರೆಜಿಮೆಂಟಿನ 16ನೇ ಬೆಟಾಲಿಯನ್, ಊರಿನ ಬಾಯಲ್ಲಿ ಮಾತ್ರ ಮೆಕ್ರೇ ಬೆಟಾಲಿಯನ್.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ಇಂಥ ಪಡೆಗಳಿಗೆ ಪಾಲ್ಸ್ ಬೆಟಾಲಿಯನ್ ಅಂತಿದ್ರು, ಗೆಳೆಯರ ಪಡೆ. ಒಂದೇ ಬೀದಿ, ಒಂದೇ ಫ್ಯಾಕ್ಟರಿ, ಒಂದೇ ಕ್ಲಬ್ಬಿನವರು ಒಟ್ಟಿಗೆ ಸೇರಿದ್ರೆ ಒಟ್ಟಿಗೇ ಇರಬಹುದು ಅನ್ನೋ ಮಾತು ಕೊಟ್ಟು ಸೇರಿಸ್ಕೊಳ್ಳೋರು. ಜನ ಬೇಗ ಸೇರ್ತಾರೆ, ಧೈರ್ಯನೂ ಇರುತ್ತೆ. ಆದ್ರೆ ಇದರ ಇನ್ನೊಂದು ಮುಖ ಯಾರೂ ಯೋಚನೆ ಮಾಡಿರಲಿಲ್ಲ, ಒಟ್ಟಿಗೆ ಇದ್ದವರು ಒಟ್ಟಿಗೇ ಸಾಯ್ತಾರೆ, ಆಗ ಒಂದು ಬೀದಿಗೆ ಬೀದಿನೇ ಒಂದೇ ವಾರದಲ್ಲಿ ಸೂತಕದಲ್ಲಿ ಮುಳುಗುತ್ತೆ.

ಸರಿ, ಲೀಗಿಗೆ ವಾಪಸ್ ಬರೋಣ. ಸಹಿ ಹಾಕಿದ ತಕ್ಷಣ ಫ್ರಾನ್ಸಿಗೆ ಕಳಿಸಲಿಲ್ಲ, ಊರಲ್ಲೇ ಟ್ರೈನಿಂಗು, ಅದರ ಜೊತೆಗೇ ಶನಿವಾರ ಮ್ಯಾಚು. ರಾತ್ರಿ ಮಾರ್ಚ್ ಇರ್ತಿತ್ತು, ಚಳಿಗಾಲ, ಎಡಿನ್‌ಬರದ ಚಳಿ, ಹೆಗಲ ಮೇಲೆ ಭಾರ ಹೊತ್ಕೊಂಡು ಮೈಲಿಗಟ್ಟಲೆ ನಡೆದು ಬಂದು ಅದೇ ಕಾಲಲ್ಲಿ ತೊಂಬತ್ತು ನಿಮಿಷ ಓಡ್ಬೇಕು. ಸೈನ್ಯದವರು ಹಾಕಿದ ಇಂಜೆಕ್ಷನ್ನಿಗೆ ಜ್ವರ ಬಂದು ಮಲಗಿದವರಿದ್ರು. ಕಾಲು ಸೋತ್ವು, ಪಾಯಿಂಟ್ ಕೈಬಿಟ್ವು, ಸೆಲ್ಟಿಕ್ ಕೊನೆ ಹಂತದಲ್ಲಿ ದಾಟಿ ಹೋಯ್ತು. ಸೆಲ್ಟಿಕ್ ಆಡಿ ಗೆದ್ದ ಲೀಗ್ ಅದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೊದ್ಲು ತೋರಿಸಿದ್ನಲ್ಲ ಆ ನಾಲ್ಕು ಪಾಯಿಂಟು, ಅದರ ಹಿಂದೆ ಎಷ್ಟು ರಾತ್ರಿಯ ನಿದ್ದೆ ಇತ್ತು ಅಂತ ಟೇಬಲ್ ನೋಡಿದ್ರೆ ಗೊತ್ತಾಗಲ್ಲ.

ಆ ಸೀಸನ್ನಲ್ಲಿ ಟಾಮ್ ಗ್ರೇಸಿ 29 ಲೀಗ್ ಗೋಲ್ ಹೊಡೆದ. ಲಿವರ್‌ಪೂಲ್‌ನಿಂದ 1914ರಲ್ಲಿ ಬಂದ ಸ್ಟ್ರೈಕರ್ ಅವನು. ಸೀಸನ್ ನಡೀತಿರೋವಾಗಲೇ ಅವನ ಮೈಯೊಳಗೆ ಲ್ಯುಕೇಮಿಯಾ ಇತ್ತು, ರಕ್ತದ ಕ್ಯಾನ್ಸರು. ಆದ್ರೂ ಆಡಿದ, ಆದ್ರೂ ಟ್ರೈನಿಂಗ್ ಮಾಡಿದ. 1915ರ ಅಕ್ಟೋಬರ್ 23ಕ್ಕೆ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ತೀರ್ಕೊಂಡ, ಒಂದು ದಿನಾನೂ ಯುದ್ಧಭೂಮಿ ನೋಡದೆ. ಅದಕ್ಕೂ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 25ಕ್ಕೆ, ಫ್ರಾನ್ಸಿನ ಲೂಸ್‌ನಲ್ಲಿ ಸ್ಪೀಡಿ ಸತ್ತಿದ್ದ. ಮೊದಲ ಇಬ್ಬರು ಹೀಗೆ ಹೋದ್ರು.

ಸ್ಕ್ರೀನ್ ಮೇಲೆ: ಫ್ರಾನ್ಸಿನ ಮ್ಯಾಪು, ಸೋಮ್ ನದಿ, ಕಾಂಟಲ್ಮೆಜೋನ್ ಅನ್ನೋ ಸಣ್ಣ ಹಳ್ಳಿಗೆ ಒಂದು ಚುಕ್ಕೆ. ಇಲ್ಲಿಂದ ಮ್ಯೂಸಿಕ್ ಬೇಡ.

1916ರ ಜುಲೈ 1. ಸೋಮ್ ಯುದ್ಧದ ಮೊದಲ ದಿನ. ಬೆಳಗ್ಗೆ ಏಳೂವರೆಗೆ ಕಂದಕದಿಂದ ಮೇಲೆದ್ದು ನಡೀರಿ ಅಂತ ಆರ್ಡರ್. ಒಂದು ವಾರ ಫಿರಂಗಿ ಹೊಡೆದಿದ್ದೀವಿ, ಎದುರಿಗೆ ಯಾರೂ ಉಳಿದಿರಲ್ಲ ಅನ್ನೋ ನಂಬಿಕೆ ಮೇಲಿನವರಿಗೆ. ಉಳಿದಿದ್ರು. ಆಳವಾದ ಬಂಕರ್‌ಗಳಲ್ಲಿ ಕೂತಿದ್ದ ಜರ್ಮನ್ನರು ಮೇಲೆ ಬಂದು ಮಷೀನ್ ಗನ್ ಇಟ್ರು. ಆ ಒಂದೇ ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240, ಗಾಯಗೊಂಡವರು ಕಾಣೆಯಾದವರು ಎಲ್ಲಾ ಸೇರಿ 57,470. ಇಷ್ಟು ದೊಡ್ಡ ನಂಬರ್ ಹೇಳಿದ್ರೆ ತಲೆಗೆ ಹೋಗಲ್ಲ, ನನಗೂ ಹೋಗಲ್ಲ, ಅದಕ್ಕೆ ಮೂರು ಹೆಸರು ಹೇಳ್ತೀನಿ. ಹ್ಯಾರಿ ವಾಟಿ. ಡಂಕನ್ ಕರಿ. ಅರ್ನಿ ಎಲ್ಲಿಸ್. ಮೂವರೂ ಹಾರ್ಟ್ಸ್ ಆಟಗಾರರು, ಮೂವರೂ ಆ ಒಂದೇ ಬೆಳಗ್ಗೆ. ಎರಡು ವರ್ಷದ ಹಿಂದೆ ಒಂದೇ ಡ್ರೆಸಿಂಗ್ ರೂಮಲ್ಲಿ ಬೂಟಿನ ಲೇಸು ಕಟ್ಕೊಳ್ತಿದ್ದವರು. ಥಿಯೆಪ್ವಾಲ್ ಅನ್ನೋ ಜಾಗದಲ್ಲಿ ಒಂದು ಭಾರಿ ಸ್ಮಾರಕ ಇದೆ, ಸೋಮ್‌ನಲ್ಲಿ ಸತ್ತು ಗುರುತಿಸಬಹುದಾದ ಸಮಾಧಿ ಇಲ್ಲದವರ ಹೆಸರುಗಳು ಅಲ್ಲಿವೆ, 72,000ಕ್ಕೂ ಜಾಸ್ತಿ, ಅದರೊಳಗೆ ಈ ಹುಡುಗರ ಹೆಸರೂ ಇದೆ.

ಮೆಕ್ರೇ ಬೆಟಾಲಿಯನ್ನಿನ ಒಂದು ಸಣ್ಣ ಗುಂಪು ಅವತ್ತು ಕಾಂಟಲ್ಮೆಜೋನ್ ಹಳ್ಳಿ ತನಕ ಮುಟ್ಟಿತ್ತು. ಉಳಿದವರಲ್ಲಿ ಬಹುಪಾಲು ಜನ ಹಿಂದೆ ಆ ಹೊಲಗಳಲ್ಲೇ ಬಿದ್ದಿದ್ರು, ಬೆಟಾಲಿಯನ್ನಿನ ಮುಕ್ಕಾಲು ಪಾಲು ಒಂದೇ ದಿನಕ್ಕೆ ಇಲ್ಲ ಅನ್ನೋ ಹಾಗಾಯ್ತು. ಅದೇ ಆಗಸ್ಟ್‌ನಲ್ಲಿ ಜಿಮ್ಮಿ ಬಾಯ್ಡ್ ಹೋದ, 1917ರ ಏಪ್ರಿಲ್‌ನಲ್ಲಿ ಆರಾಸ್ ಹತ್ರ ಜಾನ್ ಅಲನ್. ಒಟ್ಟು ಏಳು.

ಆದ್ರೆ ಏಳು ಅಂತ ಹೇಳಿ ನಿಲ್ಲಿಸಿದ್ರೆ ಅನ್ಯಾಯ ಆಗುತ್ತೆ, ಬದುಕಿ ಬಂದವರ ಕಥೆ ಕೇಳ್ಬೇಕು ನೀವು. ಆಲ್ಫಿ ಬ್ರಿಗ್ಸ್‌ಗೆ ಮಷೀನ್ ಗನ್ ಗುಂಡು ಬಿತ್ತು, ಬದುಕಿದ, ಗುಂಡು ಮೈಯಲ್ಲೇ ಉಳೀತು, ಆಟ ಅಲ್ಲಿಗೇ ಮುಗೀತು. ಬಾಬ್ ಮರ್ಸರ್‌ ಶ್ವಾಸಕೋಶವನ್ನ ವಿಷಗಾಳಿ ತಿಂದಿತ್ತು, 1926ರಲ್ಲಿ ಸೆಲ್ಕರ್ಕ್ ಊರಲ್ಲಿ ಒಂದು ಮ್ಯಾಚಿಗೆ ಮತ್ತೆ ಮರೂನ್ ಜೆರ್ಸಿ ಹಾಕ್ಕೊಂಡು ಇಳಿದ, ಗ್ರೌಂಡಲ್ಲೇ ಕುಸಿದು ಸತ್ತ. ಯುದ್ಧ ಮುಗಿದು ಎಂಟು ವರ್ಷ ಆಗಿತ್ತು.

ಇನ್ನು ಪ್ಯಾಡಿ ಕ್ರಾಸನ್. ನೋಡೋಕೆ ತುಂಬಾ ಚೆನ್ನಾಗಿದ್ದ, ಅದು ಅವನಿಗೂ ಗೊತ್ತಿತ್ತು, ಚೆಂಡು ದಾಟಿಸ್ತಾನೆ ಆದ್ರೆ ಕನ್ನಡಿ ಕಂಡ್ರೆ ಮಾತ್ರ ದಾಟಿ ಹೋಗಲ್ಲ ಅಂತ ಟೀಮಿನವರು ರೇಗಿಸೋರು. ಸೋಮ್‌ನಲ್ಲಿ ಅವನ ಕಾಲಿಗೆ ಎಷ್ಟು ಕೆಟ್ಟ ಏಟಾಗಿತ್ತು ಅಂದ್ರೆ ಕಾಲು ಕತ್ತರಿಸೋದೇ ಅಂತ ತೀರ್ಮಾನ ಆಗಿತ್ತು. ಡಿಫೆಂಡರ್ ಒಬ್ಬನ ಕಾಲು! ಅದನ್ನ ಉಳಿಸಿದ್ದು ಯಾರು ಗೊತ್ತಾ, ಸೆರೆ ಸಿಕ್ಕಿದ್ದ ಒಬ್ಬ ಜರ್ಮನ್ ಸರ್ಜನ್. ಶತ್ರು ಪಾಳಯದ ಡಾಕ್ಟರ್ ಆಪರೇಷನ್ ಮಾಡಿ ಉಳಿಸಿದ ಕಾಲಲ್ಲಿ ಕ್ರಾಸನ್ ವಾಪಸ್ ಬಂದು ಹಾರ್ಟ್ಸ್‌ಗೆ ಮತ್ತೆ ಆಡಿದ. ಆಮೇಲೆ ಎಡಿನ್‌ಬರದ ರೋಸ್ ಸ್ಟ್ರೀಟ್‌ನಲ್ಲಿ ಒಂದು ಬಾರ್ ಇಟ್ಕೊಂಡ. ಅವನ ಎದೆಗೂ ಗ್ಯಾಸ್ ಹೊಕ್ಕಿತ್ತು, 1933ರಲ್ಲಿ ಹೋಗ್ಬಿಟ್ಟ, ನಲವತ್ತು ತುಂಬಿರಲಿಲ್ಲ. ಇವನ ಹೆಸರು ಆ ಏಳರ ಪಟ್ಟಿಯಲ್ಲಿ ಬರಲ್ಲ, ಮರ್ಸರ್ ಹೆಸರೂ ಬರಲ್ಲ. ನನ್ನ ಮನಸ್ಸಿನ ಲೆಕ್ಕದಲ್ಲಿ ಬರುತ್ತೆ.

ಸ್ಕ್ರೀನ್ ಮೇಲೆ: ಹೇಮಾರ್ಕೆಟ್ ಸರ್ಕಲ್, ಗಡಿಯಾರ ಇರೋ ಕಲ್ಲಿನ ಕಂಬ.

1922ರ ಏಪ್ರಿಲ್ 9, ಭಾನುವಾರ. ಹಾರ್ಟ್ಸ್ ಕ್ಲಬ್ಬು ತನ್ನ ದುಡ್ಡಲ್ಲಿ ಒಂದು ಸ್ಮಾರಕ ಕಟ್ಟಿಸಿ ಊರಿಗೆ ಕೊಡ್ತು. ಎಲ್ಲಿ ಕಟ್ಟಿದ್ರು ಅನ್ನೋದು ನೋಡಿ. ಸ್ಟೇಡಿಯಂ ಒಳಗೆ ಟಿಕೆಟ್ ತಗೊಂಡವರಿಗೆ ಮಾತ್ರ ಕಾಣೋ ಹಾಗಲ್ಲ, ರೈಲ್ವೆ ಸ್ಟೇಷನ್ ಎದುರು, ರಸ್ತೆಗಳು ಕೂಡೋ ಜಾಗದಲ್ಲಿ, ಮೇಲೆ ಗಡಿಯಾರ ಬೇರೆ. ಟೈಮ್ ನೋಡೋಕೆ ತಲೆ ಎತ್ತಿದವರೆಲ್ಲ ಇವರನ್ನೂ ನೋಡ್ಬೇಕು. ಅವತ್ತು ಸುಮಾರು 40,000 ಜನ ಸೇರಿದ್ರು, ಒಂದು ದೊಡ್ಡ ಮ್ಯಾಚಿಗೆ ಸೇರೋ ಜನ. ಕ್ಲಬ್ಬಿನ ಆಟಗಾರರು ಮತ್ತು ಸದಸ್ಯರ ನೆನಪಿಗೆ ಅಂತ ಕಲ್ಲಲ್ಲಿ ಕೆತ್ತಿಸಿದ್ದಾರೆ. ಸದಸ್ಯರು ಅನ್ನೋ ಆ ಪದ ನನಗೆ ತುಂಬಾ ಮುಖ್ಯ. ಸ್ಟಾರ್‌ಗಳಿಗೆ ಮಾತ್ರ ಅಲ್ಲ, ನಿಂತ್ಕೊಂಡು ಮ್ಯಾಚ್ ನೋಡ್ತಿದ್ದವನಿಗೂ ಅದೇ ಕಲ್ಲು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ನೋಡಿರ್ತೀರಲ್ಲ, ದನ ಕಾಯೋಕೆ ಹೋಗಿ ಸತ್ತವನಿಗೂ ಊರವರು ಒಂದು ಕಲ್ಲು ನಿಲ್ಲಿಸಿ ನಮ್ಮವನು ಅಂದಿರ್ತಾರೆ, ಹೇಮಾರ್ಕೆಟ್ ಫೋಟೋ ನೋಡಿದಾಗ ನನಗೆ ನೆನಪಾಗಿದ್ದು ಅದೇ.

ಟ್ರಾಮ್ ಲೈನ್ ಕೆಲಸಕ್ಕೆ ಅಂತ 2009ರಲ್ಲಿ ಅದನ್ನ ಬಿಚ್ಚಿ ಎತ್ತಿಟ್ರು, 2013ರಲ್ಲಿ ಮತ್ತೆ ನಿಲ್ಲಿಸಿದ್ರು.

ಫ್ರಾನ್ಸಿನಲ್ಲಿ ಒಂದು ಸ್ಮಾರಕ ಬೇಕು ಅನ್ನೋ ಮಾತು 1919ರಲ್ಲೇ ಬಂದಿತ್ತು, ದುಡ್ಡಿಲ್ಲದೆ ಹಾಗೇ ನಿಂತುಹೋಯ್ತು. ನಿಂತುಹೋದ ಕೆಲಸವನ್ನ ಅಭಿಮಾನಿಗಳು, ಇತಿಹಾಸಕಾರ ಜ್ಯಾಕ್ ಅಲೆಕ್ಸಾಂಡರ್ ಇವರೆಲ್ಲ ಸೇರಿ ಮತ್ತೆ ಕೈಗೆತ್ತಿಕೊಂಡು ದುಡ್ಡು ಕೂಡಿಸಿ, 2004ರ ನವೆಂಬರ್‌ನಲ್ಲಿ ಕಾಂಟಲ್ಮೆಜೋನ್ ಹಳ್ಳಿಯಲ್ಲಿ ಸ್ಕಾಟ್ಲೆಂಡಿನ ಕಲ್ಲಲ್ಲೇ ಒಂದು ಸ್ಮಾರಕ ಎಬ್ಬಿಸಿದ್ರು. 85 ವರ್ಷದ ಮೇಲೆ! ಈಗ ಪ್ರತಿ ಜುಲೈ 1ಕ್ಕೆ ಎಡಿನ್‌ಬರದಿಂದ ಜನ ಅಲ್ಲಿಗೆ ಹೋಗ್ತಾರೆ, ಮರೂನ್ ಶಾಲು ಹಾಕ್ಕೊಂಡು.

ಲಂಡನ್ನಿನ ಕ್ಲಾಪ್ಟನ್ ಓರಿಯಂಟ್, ಅಂದ್ರೆ ಇವತ್ತಿನ ಲೇಟನ್ ಓರಿಯಂಟ್ ಕ್ಲಬ್ಬಿಂದೂ ಇಂಥದ್ದೇ ಕಥೆ, ಅವರೂ ಸೋಮ್‌ನಲ್ಲಿ ಮೂವರನ್ನ ಕಳ್ಕೊಂಡ್ರು, ಅವರ ಅಭಿಮಾನಿಗಳೂ 2011ರಲ್ಲಿ ಫ್ರಾನ್ಸಿನ ಫ್ಲೇರ್ಸ್‌ನಲ್ಲಿ ಸ್ಮಾರಕ ಕಟ್ಟಿದ್ರು. ಅದಕ್ಕೆ ಬೇರೆ ವಿಡಿಯೋನೇ ಬೇಕು, ಮಾಡ್ತೀನಿ.

ಇನ್ನೊಂದು ಮಾತು, 2014. ನೂರು ವರ್ಷ. ಹಾರ್ಟ್ಸ್ ಆಗ ತಾನೇ ಸಾಲದಲ್ಲಿ ಮುಳುಗಿ, ಕ್ಲಬ್ಬೇ ಮುಚ್ಚಿಹೋಗುತ್ತೆ ಅನ್ನೋ ಹಂತ ದಾಟಿ, ಎರಡನೇ ಡಿವಿಷನ್ನಿಗೆ ಬಿದ್ದಿತ್ತು. ಒಂದೊಂದು ಪೌಂಡೂ ಬೇಕಿದ್ದ ಟೈಮು. ಅಂಥ ಟೈಮಲ್ಲಿ ಅವರು 1914ರ ಹುಡುಗರ ನೆನಪಿಗೆ ಹಳೇ ಮಾದರಿಯ ಮರೂನ್ ಜೆರ್ಸಿ ತಂದ್ರು, ಎದೆ ಮೇಲೆ ಸ್ಪಾನ್ಸರ್ ಹೆಸರಿಲ್ಲ. ದುಡ್ಡು ಬರೋ ಜಾಗವನ್ನ ಖಾಲಿ ಬಿಟ್ರು. ಆ ಜೆರ್ಸಿಯಲ್ಲಿ ಆಡಿ ಲೀಗ್ ಗೆದ್ದು ಮೇಲಿನ ಡಿವಿಷನ್ನಿಗೆ ವಾಪಸ್ ಬಂದ್ರು. ನಾನು ಆ ಜೆರ್ಸಿ ಫೋಟೋನ ಎಷ್ಟು ಸಲ ಝೂಮ್ ಮಾಡಿ ನೋಡಿದ್ದೀನೋ ಲೆಕ್ಕ ಇಲ್ಲ, ಬರೀ ಮರೂನ್ ಬಟ್ಟೆ, ಎಡಗಡೆ ಹೃದಯದ ಆಕಾರದ ಬ್ಯಾಡ್ಜು, ಅಷ್ಟೇ.

ಸ್ಕ್ರೀನ್ ಮೇಲೆ: ಸ್ಪೀಡಿ, ಗ್ರೇಸಿ, ವಾಟಿ, ಕರಿ, ಎಲ್ಲಿಸ್, ಬಾಯ್ಡ್, ಅಲನ್. ಒಂದೊಂದೇ ಹೆಸರು ಬರಲಿ, ನಿಧಾನವಾಗಿ.

ಎಡಿನ್‌ಬರದಲ್ಲಿ ಓದ್ತಿರೋ, ಕೆಲಸ ಮಾಡ್ತಿರೋ ಕನ್ನಡದವರು ಈ ವಿಡಿಯೋ ನೋಡ್ತಿದ್ರೆ ಒಂದು ವಿನಂತಿ. ನವೆಂಬರ್ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಬಿಡುವು ಮಾಡ್ಕೊಳ್ಳಿ. ಏರ್‌ಪೋರ್ಟ್ ಟ್ರಾಮ್ ಹತ್ತಿ ಹೇಮಾರ್ಕೆಟ್‌ನಲ್ಲಿ ಇಳೀರಿ, ಗಡಿಯಾರದ ಕಂಬ ಅಲ್ಲೇ ಕಾಣುತ್ತೆ, ಕ್ಲಬ್ಬಿನವರು ಹೂವಿನ ಚಕ್ರ ಇಡೋಕೆ ಬಂದಿರ್ತಾರೆ, ಅಭಿಮಾನಿಗಳು ಸುತ್ತ ನಿಂತಿರ್ತಾರೆ. ಚಳಿ ಇರುತ್ತೆ, ದಪ್ಪ ಜಾಕೆಟ್ ಹಾಕ್ಕೊಂಡು ಹೋಗಿ.